ವೋಲ್ಟೇಜ್ ಡಿವೈಡರ್ ಬಗ್ಗೆ ನಮ್ಮ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಹಾಸನದಲ್ಲಿ ಕೂತು ಬೋರ್ಡ್ ರಿಪೇರಿ ಮಾಡ್ತೀನಿ, ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಿಗೆ ಹೋಗಿ ಬ್ಯಾಟರಿ ಮಾನಿಟರ್ರು, ಟ್ಯಾಂಕ್ ಲೆವೆಲ್ಲು ಅಂತ ಸಣ್ಣಪುಟ್ಟದು ಕೂರಿಸ್ತೀನಿ. ಭಾನುವಾರ ಐಟಿಐ, ಡಿಪ್ಲೊಮಾ ಹುಡುಗ್ರು ಬರ್ತಾರೆ. ಅವರು ಕೇಳಿದ್ದು, ತೋಟದವರು ಫೋನಲ್ಲಿ ಕೇಳಿದ್ದು, ಒಬ್ಬಿಬ್ಬರು ಕಾಗದದಲ್ಲಿ ಬರೆದು ಕಳಿಸಿದ್ದು ಎಲ್ಲಾ ಸೇರಿಸಿ ಇಲ್ಲಿ ಹಾಕಿದೀನಿ. ಎರಡೇ ಎರಡು ರೆಸಿಸ್ಟರ್‌ನ (ಕರೆಂಟ್ ಹರಿಯೋದನ್ನ ತಡೆಯೋ ಸಣ್ಣ ಭಾಗ) ವಿಷ್ಯ, ಆದ್ರೆ ನನ್ನ ಟೇಬಲ್‌ಗೆ ಬರೋ ಹಾಬಿ ಬೋರ್ಡ್‌ಗಳಲ್ಲಿ ಇಲ್ಲೇ ಎಡವಿರೋದು ಜಾಸ್ತಿ, ಅದಕ್ಕೇ ಇಷ್ಟು ಉದ್ದ.

## ಬುಡದಿಂದ

ಅಣ್ಣ, ವೋಲ್ಟೇಜ್ ಡಿವೈಡರ್ ಅಂದ್ರೆ ಏನು, ಸಿಂಪಲ್ಲಾಗಿ ಹೇಳಿ

ಎರಡು ರೆಸಿಸ್ಟರ್ ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರ್ಸಿ, ಮೇಲಿನ ತುದಿ ಪ್ಲಸ್‌ಗೆ, ಕೆಳಗಿನ ತುದಿ ಮೈನಸ್‌ಗೆ ಕೊಟ್ಟು, ಮಧ್ಯದ ಗಂಟಿನಿಂದ ಒಂದು ವೈರ್ ಎಳ್ಕೊಂಡ್ರೆ ಅಲ್ಲಿ ಪೂರ್ತಿ ವೋಲ್ಟೇಜ್ ಅಲ್ಲ, ಅದರ ಒಂದು ಪಾಲು ಸಿಗುತ್ತೆ. ಅಷ್ಟೇ.

ಮಲೆನಾಡಿನ ಮನೆ ನೋಡಿದ್ರೆ ಬೇಗ ತಲೆಗೆ ಹೋಗುತ್ತೆ. ಗುಡ್ಡದ ಮೇಲೆ ಟ್ಯಾಂಕು, ಅಲ್ಲಿಂದ ಸಣ್ಣ ಪೈಪ್ ಇಳಿದು ಬಂದು ಕೆಳಗೆ ಗದ್ದೆಗೆ ಸದಾ ಸುರೀತಾ ಇರುತ್ತೆ ಅಂದ್ಕೊಳ್ಳಿ. ಟ್ಯಾಂಕ್ ಹತ್ರ ಒತ್ತಡ ಪೂರ್ತಿ, ಗದ್ದೆ ಬಾಯಲ್ಲಿ ಸೊನ್ನೆ. ನಡುವೆ ಎಲ್ಲಾದ್ರೂ ತೂತು ಮಾಡಿ ಗೇಜ್ ಕೂರಿಸಿದ್ರೆ ಎಷ್ಟು ತೋರ್ಸುತ್ತೆ ಅನ್ನೋದು, ಆ ಜಾಗದ ಮೇಲಿನ ಪೈಪ್ ಎಷ್ಟು ತಡೀತಿದೆ, ಕೆಳಗಿನ ಪೈಪ್ ಎಷ್ಟು ತಡೀತಿದೆ ಅನ್ನೋದರ ಮೇಲೆ ಹೋಗುತ್ತೆ. ಕೆಳಗಡೆ ತಡೆ ಜಾಸ್ತಿ ಇದ್ರೆ ನಡುವೆ ಒತ್ತಡ ಜಾಸ್ತಿ. ಈ ಪೈಪನ್ನ ಮರೀಬೇಡಿ, ಮುಂದೆ ಮತ್ತೆ ಬರುತ್ತೆ.

ಎರಡು ರೆಸಿಸ್ಟರಲ್ಲೂ ಹರಿಯೋ ಕರೆಂಟ್ ಒಂದೇ ಅಂತೀರ, ಮತ್ತೆ ವೋಲ್ಟೇಜ್ ಮಾತ್ರ ಯಾಕೆ ಬೇರೆ ಬೇರೆ?

ಕರೆಂಟಿಗೆ ಬೇರೆ ದಾರಿ ಇಲ್ವಲ್ಲ, ಮೇಲಿನದರಲ್ಲಿ ಹೋಗಿದ್ದೇ ಕೆಳಗಿನದರಲ್ಲೂ ಹೋಗಬೇಕು. ವೋಲ್ಟೇಜ್ ಅಂದ್ರೆ ಕರೆಂಟ್ ಗುಣಿಸು ರೆಸಿಸ್ಟೆನ್ಸ್, ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಕರೆಂಟ್ ಒಂದೇ ಇರೋದ್ರಿಂದ ಯಾರ ರೆಸಿಸ್ಟೆನ್ಸ್ ದೊಡ್ದೋ ಅವರಿಗೆ ವೋಲ್ಟೇಜ್ ಪಾಲು ದೊಡ್ದು. ಎರಡೂ ಪಾಲು ಕೂಡಿದ್ರೆ ಬ್ಯಾಟರಿ ಕೊಟ್ಟಷ್ಟೇ ಬರಬೇಕು, ಒಂದು ಮಿಲಿವೋಲ್ಟೂ ಎಲ್ಲೂ ಕಳೆದು ಹೋಗಲ್ಲ.

ಫಾರ್ಮುಲಾ ಎಷ್ಟು ಸಲ ಓದಿದ್ರೂ ಮರ್ತೋಗುತ್ತೆ ಸಾರ್, ಮೇಲೆ ಯಾವ್ದು ಕೆಳಗೆ ಯಾವ್ದು ಗೊತ್ತಾಗಲ್ಲ

ಬಾಯಿಪಾಠ ಮಾಡ್ಬೇಡಿ, ಆಸ್ತಿ ಪಾಲು ಮಾಡೋ ತರ ನೋಡಿ. ಸಿಗೋ ವೋಲ್ಟೇಜ್ = ಕೊಟ್ಟ ವೋಲ್ಟೇಜ್ × ಕೆಳಗಿನ ರೆಸಿಸ್ಟರ್ ÷ ಎರಡರ ಮೊತ್ತ. ನಾವು ಅಳೀತಿರೋದು ಕೆಳಗಿನ ರೆಸಿಸ್ಟರ್ ಮೇಲಿನ ವೋಲ್ಟೇಜ್, ಅದಕ್ಕೇ ಅದು ಮೇಲೆ ಬರುತ್ತೆ, ಮೊತ್ತ ಕೆಳಗೆ. ಉದಾಹರಣೆಗೆ 9 ವೋಲ್ಟ್ ಬ್ಯಾಟರಿ, ಮೇಲೆ 2ಕೆ, ಕೆಳಗೆ 1ಕೆ (ರೆಸಿಸ್ಟೆನ್ಸಿನ ಅಳತೆ ಓಮ್, ಕೆ ಅಂದ್ರೆ ಸಾವಿರ ಓಮ್). ಒಟ್ಟು ಮೂರು ಪಾಲು, ಕೆಳಗಿನವನದ್ದು ಒಂದು ಪಾಲು, ಅಂದ್ರೆ 3 ವೋಲ್ಟ್. ಕ್ಯಾಲ್ಕುಲೇಟರ್ ಬೇಡ.

ಒಂದು ಚೆಕ್ ಯಾವಾಗ್ಲೂ ಮಾಡಿ: ಕೆಳಗಿನದು ಚಿಕ್ಕದಾದ್ರೆ ಔಟ್‌ಪುಟ್ ಚಿಕ್ಕದು. ನಿಮ್ಮ ಲೆಕ್ಕದಲ್ಲಿ ಉಲ್ಟಾ ಬಂದಿದ್ರೆ ಎಲ್ಲೋ ತಿರುಗಾಮುರುಗಾ ಆಗಿದೆ.

10 ಓಮ್ ಎರಡು ಹಾಕಿದ್ರೂ ಅರ್ಧ, 10ಕೆ ಎರಡು ಹಾಕಿದ್ರೂ ಅರ್ಧ, ಮತ್ತೆ ಯಾವ್ದು ಹಾಕೋದು?

ಒಳ್ಳೆ ಪ್ರಶ್ನೆ ಇದು, ಬಹಳ ಪುಸ್ತಕದಲ್ಲಿ ಇದನ್ನ ಹಾರಿಸ್ಬಿಡ್ತಾರೆ. ಪಾಲು ಒಂದೇ, ಆದ್ರೆ ಸುಮ್ನೆ ಹರಿದು ಹೋಗೋ ಕರೆಂಟ್ ಬೇರೆ. 12 ವೋಲ್ಟಿಗೆ 10 ಓಮ್ ಎರಡು ಹಾಕಿದ್ರೆ 0.6 ಆಂಪಿಯರ್ ಹರಿದು ಒಂದೊಂದು ರೆಸಿಸ್ಟರ್ 3.6 ವ್ಯಾಟ್ ಬಿಸಿ ಆಗುತ್ತೆ, ನಾವು ಮಾಮೂಲಿ ಹಾಕೋದು ಕಾಲು ವ್ಯಾಟಿಂದು, ಸುಟ್ಟು ಕರಕಲು. 100 ಓಮ್ ಎರಡು ಹಾಕಿದ್ರೂ ಒಂದೊಂದಕ್ಕೆ 0.36 ವ್ಯಾಟ್ ಬರುತ್ತೆ, ಅದೂ ಕಾಲು ವ್ಯಾಟ್ ದಾಟ್ತು. 10ಕೆ ಎರಡು ಹಾಕಿದ್ರೆ 0.6 ಮಿಲಿಆಂಪಿಯರ್ ಅಷ್ಟೇ, ಕೈಗೆ ಬಿಸಿ ಗೊತ್ತೇ ಆಗಲ್ಲ.

ಹಂಗಂತ ಕೋಟಿ ಓಮ್ ಹಾಕೋಕೂ ಆಗಲ್ಲ, ಯಾಕೆ ಅಂತ ಮುಂದೆ ಮಳೆಗಾಲದ ಕಥೆಯಲ್ಲಿ ಹೇಳ್ತೀನಿ. ಅಳೆಯೋ ಕೆಲಸಕ್ಕೆ 1ಕೆ ಇಂದ 100ಕೆ ಒಳಗೆ ಇದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ.

ಲೆಕ್ಕದಲ್ಲಿ 7.3ಕೆ ಬಂತು, ಅಂಗಡಿಯಲ್ಲಿ ಅಂಥದ್ದು ಇಲ್ವೇ ಇಲ್ಲ ಅಂತಾರೆ

ಇರಲ್ಲ. ಮಾಮೂಲಿ ಸಿಗೋದು 10, 12, 15, 18, 22, 27, 33, 39, 47, 56, 68, 82 ಈ ಸಾಲು, ಇವಕ್ಕೇ ಸೊನ್ನೆ ಹಚ್ತಾ ಹೋಗೋದು. ಪಾಲು ಮುಖ್ಯ, ನಂಬರ್ ಅಲ್ಲ, ಅದಕ್ಕೇ ಇರೋ ನಂಬರಲ್ಲೇ ಜೋಡಿ ಹುಡುಕಿ. ಸಿಗಲಿಲ್ಲ ಅಂದ್ರೆ ಎರಡನ್ನ ಸಾಲಾಗಿ ಸೇರ್ಸಿ, 1ಕೆ ಎರಡು ಸೇರಿದ್ರೆ 2ಕೆ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದಾಗ ಈ ಸಾಲಿಂದು ಒಂದೊಂದು ಪ್ಯಾಕೆಟ್ ತಂದಿಟ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ.

## ಲೋಡ್ ಕೊಟ್ಟಾಗ ಏನಾಗುತ್ತೆ

12 ವೋಲ್ಟ್ ಬ್ಯಾಟರಿಯಿಂದ ಎರಡು ರೆಸಿಸ್ಟರ್ ಹಾಕಿ 5 ವೋಲ್ಟ್ ಮಾಡ್ಕೊಂಡು ಮೊಬೈಲ್ ಚಾರ್ಜ್ ಮಾಡ್ಬೋದಲ್ವಾ? ಮೀಟರಲ್ಲಿ ಕರೆಕ್ಟಾಗಿ 5 ತೋರಿಸ್ತಿದೆ

ವಾರಕ್ಕೊಬ್ಬರಾದ್ರೂ ಇದನ್ನ ಕೇಳ್ತಾರೆ. ಮೀಟರಲ್ಲಿ 5 ತೋರ್ಸುತ್ತೆ, ಮೊಬೈಲ್ ಸಿಕ್ಕಿಸಿದ ಕೂಡ್ಲೆ ಬಿದ್ದೋಗುತ್ತೆ. ಗುಡ್ಡದ ಪೈಪ್ ನೆನಪಿಸ್ಕೊಳ್ಳಿ, ನಡುವೆ ಬರೀ ಗೇಜ್ ಇದ್ದಾಗ ಒತ್ತಡ ಚೆನ್ನಾಗೇ ಇರುತ್ತೆ, ಅಲ್ಲೇ ಒಂದು ನಲ್ಲಿ ಹಾಕಿ ಪೂರ್ತಿ ತಿರುಗಿಸಿದ್ರೆ ಗೇಜಿನ ಮುಳ್ಳು ಕೆಳಗೆ ಬೀಳುತ್ತೆ, ಯಾಕಂದ್ರೆ ನೀರಿಗೆ ಇನ್ನೊಂದು ದಾರಿ ಸಿಕ್ತು. ಮೊಬೈಲ್ ಆ ನಲ್ಲಿ, ಹಿಂಗೆ ಕರೆಂಟ್ ಎಳೆಯೋದನ್ನೇ ಲೋಡ್ ಅನ್ನೋದು.

"ಹಂಗಾದ್ರೆ ಇನ್ನೂ ಚಿಕ್ಕ ರೆಸಿಸ್ಟರ್ ಹಾಕ್ತೀನಿ, ದೊಡ್ಡ ಪೈಪ್ ತರ" ಅಂತಾರೆ. ಹಾಕಿ ನೋಡೋಣ, ಲೆಕ್ಕದಲ್ಲೇ. ಮೊಬೈಲ್ 1 ಆಂಪಿಯರ್ ಎಳೀತದೆ ಅಂದ್ಕೊಳ್ಳಿ. ಎಳೆದಾಗ್ಲೂ ಬಿಟ್ಟಾಗ್ಲೂ ವೋಲ್ಟೇಜ್ ಹೆಚ್ಚು ಅಲ್ಲಾಡಬಾರದು ಅಂದ್ರೆ ಕೆಳಗಿನ ರೆಸಿಸ್ಟರಲ್ಲಿ ಅದರ ಹತ್ತರಷ್ಟು, 10 ಆಂಪಿಯರ್ ಸುಮ್ನೆ ಹರೀತಾ ಇರಬೇಕು. ಅಂದ್ರೆ ಕೆಳಗೆ 0.5 ಓಮ್, ಅದರಲ್ಲಿ 50 ವ್ಯಾಟ್ ಶಾಖ. ಮೇಲಿನದರಲ್ಲಿ ಒಟ್ಟು 11 ಆಂಪಿಯರ್, 7 ವೋಲ್ಟ್, 77 ವ್ಯಾಟ್ ಶಾಖ. 5 ವ್ಯಾಟಿನ ಫೋನ್ ಚಾರ್ಜ್ ಮಾಡೋಕೆ 127 ವ್ಯಾಟ್ ಸುಟ್ರಿ, 25 ವ್ಯಾಟಿನ ಸೋಲ್ಡರಿಂಗ್ ಐರನ್ ಐದು ಒಟ್ಟಿಗೆ ಇಟ್ಟಷ್ಟು ಬಿಸಿ. ಇಷ್ಟಾದ್ರೂ ಫೋನ್ ತೆಗೆದಾಗ 5.28 ವೋಲ್ಟಿಗೆ ಏರುತ್ತೆ.

ನಾನು ಹುಡುಗ್ರಿಗೆ ಹೇಳೋದು ಇಷ್ಟೇ, ಡಿವೈಡರ್ ಇರೋದು ಅಳೆಯೋಕೆ, ಓಡ್ಸೋಕಲ್ಲ. ಮೊಬೈಲು, ರೂಟರ್ರು, ಮೋಟರ್ರು, ಎಲ್‌ಇಡಿ ಪಟ್ಟಿ ಇವಕ್ಕೆಲ್ಲ ಬಕ್ ಕನ್ವರ್ಟರ್ (ಹೆಚ್ಚು ಬಿಸಿ ಮಾಡದೆ ವೋಲ್ಟೇಜ್ ಇಳಿಸೋ ಮಾಡ್ಯೂಲ್) ಹಾಕಿ. 7805 ಅನ್ನೋ 5 ವೋಲ್ಟ್ ರೆಗ್ಯುಲೇಟರ್ ಚಿಪ್ ಕೂಡ ಆಗುತ್ತೆ, ಆದ್ರೆ 12 ವೋಲ್ಟಿಂದ 1 ಆಂಪಿಯರ್ ಎಳೆದ್ರೆ ಅದೂ 7 ವ್ಯಾಟ್ ಬಿಸಿ ಉಗುಳುತ್ತೆ, ಹೀಟ್‌ಸಿಂಕ್ ಬೇಕೇ ಬೇಕು.

10ಕೆ ಎರಡು ಹಾಕಿ 12ರಿಂದ 6 ಮಾಡಿದ್ದೆ, ಸರ್ಕ್ಯೂಟಿಗೆ ಕನೆಕ್ಟ್ ಮಾಡಿದ್ಮೇಲೆ 4 ಆಯ್ತು, ರೆಸಿಸ್ಟರ್ ಹೋಗಿದ್ಯಾ?

ರೆಸಿಸ್ಟರ್ ಚೆನ್ನಾಗೇ ಇದೆ. ನಿಮ್ಮ ಸರ್ಕ್ಯೂಟಿನ ಒಳಗಿನ ರೆಸಿಸ್ಟೆನ್ಸ್ ಕೂಡ 10ಕೆ ಹತ್ರ ಇದೆ ಅಂತ ಈ 4ರಿಂದಲೇ ಹೇಳ್ಬೋದು. ಅದು ಕೆಳಗಿನ 10ಕೆ ಜೊತೆ ಪ್ಯಾರಲಲ್ ಆಗಿ, ಅಂದ್ರೆ ಪಕ್ಕದಲ್ಲಿ ಇನ್ನೊಂದು ದಾರಿಯಾಗಿ ಕೂತ್ಕೊಳ್ತು, ಎರಡೂ ಸೇರಿ 5ಕೆ ಆಯ್ತು, ಈಗ ಮೇಲೆ 10 ಕೆಳಗೆ 5, ಮೂರರಲ್ಲಿ ಒಂದು ಪಾಲು, 12ರಲ್ಲಿ 4. ಅಳೆಯೋ ಸರ್ಕ್ಯೂಟಿನ ರೆಸಿಸ್ಟೆನ್ಸ್ ಕೆಳಗಿನ ರೆಸಿಸ್ಟರಿನ ಹತ್ತು ಪಟ್ಟಾದ್ರೂ ಇರ್ಲಿ. ಇದೇ ಜೋಡಿಗೆ 100ಕೆ ಲೋಡ್ ಹಾಕಿದ್ರೆ 5.71 ವೋಲ್ಟ್ ಬರುತ್ತೆ, ಸುಮಾರು ನೂರಕ್ಕೆ ಐದು ಕಮ್ಮಿ. ಅದೂ ಬೇಡ ಅಂದ್ರೆ ನೂರು ಪಟ್ಟು ನೋಡಿ, ಇಲ್ಲಾ ನಡುವೆ ಆಪ್‌ಆಂಪ್ ಬಫರ್ (ತಾನು ಕರೆಂಟ್ ಎಳೆಯದೆ ಅದೇ ವೋಲ್ಟೇಜನ್ನ ಮುಂದೆ ಕೊಡೋ ಚಿಪ್) ಹಾಕಿ.

ಒಂದೇ ಸರ್ಕ್ಯೂಟು, ನನ್ನ ಡಿಜಿಟಲ್ ಮೀಟರಲ್ಲಿ ಒಂದು, ನಮ್ಮಪ್ಪನ ಹಳೇ ಮುಳ್ಳಿನ ಮೀಟರಲ್ಲಿ ಇನ್ನೊಂದು ತೋರ್ಸುತ್ತೆ, ಯಾವ್ದು ಸುಳ್ಳು?

ಎರಡೂ ನಿಜಾನೇ ಹೇಳ್ತಿವೆ, ಆದ್ರೆ ಮೀಟರ್ ಇಟ್ಟ ಕೂಡ್ಲೆ ಸರ್ಕ್ಯೂಟೇ ಬೇರೆ ಆಗೋಯ್ತು. ಮೀಟರೂ ಒಂದು ಲೋಡೇ. ಸಾಮಾನ್ಯ ಡಿಜಿಟಲ್ ಮೀಟರ್ 10 ಮೆಗಾಓಮ್, ಮುಳ್ಳಿಂದು ಒಳ್ಳೇದಾದ್ರೆ ವೋಲ್ಟಿಗೆ 20ಕೆ, ಅಂದ್ರೆ 10 ವೋಲ್ಟ್ ರೇಂಜಲ್ಲಿ 200ಕೆ. ಈಗ 9 ವೋಲ್ಟಿಗೆ 1 ಮೆಗಾಓಮ್ ಎರಡು ಹಾಕಿ ನೋಡಿ. ಲೆಕ್ಕಕ್ಕೆ 4.5 ಬರಬೇಕು, ಡಿಜಿಟಲಲ್ಲಿ 4.29 ಬರುತ್ತೆ, ಮುಳ್ಳಿನದ್ರಲ್ಲಿ 1.29! ಅದೇ 1ಕೆ ಎರಡು ಹಾಕಿದ್ರೆ ಎರಡರಲ್ಲೂ 4.5 ಹತ್ರಾನೇ. ಇದನ್ನ ಬ್ರೆಡ್‌ಬೋರ್ಡಲ್ಲಿ ಕೈಯಾರೆ ಮಾಡಿ ನೋಡಿದ ಹುಡುಗ ಲೋಡಿಂಗ್ ಅಂದ್ರೇನು ಅಂತ ಆಮೇಲೆ ಯಾವತ್ತೂ ಕೇಳಲ್ಲ. ಅಪ್ಪನ ಮೀಟರ್ ಬಿಸಾಕ್ಬೇಡಿ.

## ಬೋರ್ಡು, ಬ್ಯಾಟರಿ, ಸೆನ್ಸರ್

ತೋಟದಲ್ಲಿ ಸೋಲಾರ್ ಬ್ಯಾಟರಿ ಇದೆ, 12 ವೋಲ್ಟಿಂದು, ಇಎಸ್‌ಪಿ32 ವೈಫೈ ಬೋರ್ಡ್ ಹಾಕಿ ಮೊಬೈಲಲ್ಲಿ ವೋಲ್ಟೇಜ್ ನೋಡ್ಬೇಕು, ಎಷ್ಟು ಎಷ್ಟು ರೆಸಿಸ್ಟರ್?

ಮೊದಲನೇದು, 12 ವೋಲ್ಟ್ ಬ್ಯಾಟರಿ ಅಂದ್ರೆ 12 ಅಲ್ಲ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗೋವಾಗ 14.4ರ ಹತ್ರ ಹೋಗುತ್ತೆ, ಅದಕ್ಕೇ 16ಕ್ಕೆ ಲೆಕ್ಕ ಹಾಕಿ. ಎರಡನೇದು, ಇಎಸ್‌ಪಿ32 ಪಿನ್ 3.3 ವೋಲ್ಟಿಂದು, ಆದ್ರೆ ಸುಮಾರು 2.45 ದಾಟಿದ್ರೆ ಅದರ ರೀಡಿಂಗ್ ನಂಬೋಕಾಗಲ್ಲ. ಹಂಗಾಗಿ ನಾನು ಹಾಕೋದು ಮೇಲೆ 56ಕೆ, ಕೆಳಗೆ 10ಕೆ. 16 ವೋಲ್ಟಿಗೆ 2.42, 14.4ಕ್ಕೆ 2.18, 12ಕ್ಕೆ 1.82. ಪಿನ್ನಲ್ಲಿ ಬಂದಿದ್ದನ್ನ 6.6ರಿಂದ ಗುಣಿಸಿದ್ರೆ ಬ್ಯಾಟರಿ ವೋಲ್ಟೇಜ್.

ಬ್ಯಾಟರಿಯ ಮೈನಸ್ಸೂ ಬೋರ್ಡಿನ ಗ್ರೌಂಡೂ ಸೇರಿರಬೇಕು, ಇದನ್ನ ಮರೆತು ಫೋನ್ ಮಾಡೋರು ಬಹಳ. ವೈಫೈ ಆನ್ ಇದ್ರೆ 32ರಿಂದ 39ರೊಳಗಿನ ಪಿನ್‌ಗಳಲ್ಲೇ ಓದಿ. ಮತ್ತೆ ಎರಡು ರೆಸಿಸ್ಟರ್ ಅದಲುಬದಲು ಮಾಡ್ಬೇಡಿ, 12 ವೋಲ್ಟಿಗೆ ಪಿನ್ ಮೇಲೆ 10 ವೋಲ್ಟ್ ಬಂದ್ರೆ ಬೋರ್ಡ್ ಹೋಯ್ತು ಅಂತಾನೇ ಲೆಕ್ಕ. ಪವರ್ ಕೊಡೋ ಮೊದಲು ನಡುಗಂಟನ್ನ ಪಿನ್‌ಗೆ ಸಿಕ್ಕಿಸದೆ ಒಂದ್ಸಲ ಮೀಟರ್ ಹಿಡಿದು ನೋಡಿ.

ಲೆಕ್ಕ ಎಲ್ಲಾ ಸರಿ ಇದೆ ಆದ್ರೂ ಬ್ಯಾಟರಿ 12 ಇದ್ರೆ ಇದು 11.3 ತೋರ್ಸುತ್ತೆ, ಕೋಡ್ ತಪ್ಪಾ?

ರೆಸಿಸ್ಟರ್ ಕೊನೇ ಪಟ್ಟಿ ಯಾವ ಬಣ್ಣ? ಚಿನ್ನದ ಬಣ್ಣ ಇದ್ರೆ ಅದು ನೂರಕ್ಕೆ 5 ಹಿಂದೆಮುಂದೆ ಇರ್ಬೋದು ಅಂತ ತಯಾರಿಸಿದವನೇ ಹೇಳಿದಾನೆ. ಮೇಲಿನದು 5 ಕಮ್ಮಿ ಕೆಳಗಿನದು 5 ಜಾಸ್ತಿ ಬಂದ್ರೆ 12 ವೋಲ್ಟ್ 13.05 ಅಂತ ಕಾಣುತ್ತೆ, ಉಲ್ಟಾ ಆದ್ರೆ 11.02. ಲೆಡ್ ಆಸಿಡ್ ಬ್ಯಾಟರಿ ಸುಮ್ನಿದ್ದಾಗ 12.7 ಅಂದ್ರೆ ಫುಲ್ಲು, 11.8 ಅಂದ್ರೆ ಹೆಚ್ಚುಕಮ್ಮಿ ಖಾಲಿ. ಅಂದ್ರೆ ಆ ಚಿನ್ನದ ಪಟ್ಟಿಯೊಳಗೇ ಬ್ಯಾಟರಿಯ ಇಡೀ ಜೀವನ ಕೂತಿದೆ. ಕಂದು ಪಟ್ಟಿಯ 1 ಪರ್ಸೆಂಟ್ ರೆಸಿಸ್ಟರ್ ಹಾಕಿ, ರೇಟಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ಹಾಕಿದ್ಮೇಲೂ ಒಂದ್ಸಲ ಒಳ್ಳೆ ಮೀಟರ್ ಬ್ಯಾಟರಿ ಮೇಲಿಟ್ಟು, ಎರಡೂ ಒಂದೇ ಬರೋ ತನಕ ಕೋಡಲ್ಲಿರೋ 6.6ನ ಸ್ವಲ್ಪ ಆಕಡೆ ಈಕಡೆ ಮಾಡಿ.

ರೀಡಿಂಗ್ ನಿಲ್ತಾನೇ ಇಲ್ಲ, ಕುಣೀತಾನೇ ಇರುತ್ತೆ

ಕೆಳಗಿನ ರೆಸಿಸ್ಟರಿಗೆ ಅಡ್ಡಲಾಗಿ 104 ಅಂತ ಬರೆದಿರೋ ಸೆರಾಮಿಕ್ ಕೆಪಾಸಿಟರ್ ಹಾಕಿ, 0.1 ಮೈಕ್ರೋಫ್ಯಾರಡ್‌ದು, ಪಿನ್‌ಗೆ ಎಷ್ಟು ಹತ್ರ ಆಗುತ್ತೋ ಅಷ್ಟು ಹತ್ರ. ಚಿಪ್ಪಿನೊಳಗೆ ಓದೋವಾಗ ಒಂದು ಪುಟಾಣಿ ಕೆಪಾಸಿಟರ್ ತುಂಬ್ಕೊಳ್ಬೇಕು, ಡಿವೈಡರ್ ದೊಡ್ಡ ರೆಸಿಸ್ಟರಿಂದಾದ್ರೆ ಅದು ತುಂಬೋದು ನಿಧಾನ, ಅಷ್ಟರಲ್ಲಿ ಓದಿ ಮುಗಿಸಿರುತ್ತೆ. ಆರ್ಡುಯಿನೋ ಉನೋ ಬೋರ್ಡಿನ ಚಿಪ್ಪಿಗೆ 10ಕೆ ಅಥವಾ ಅದಕ್ಕಿಂತ ಕಮ್ಮಿ ಇರ್ಲಿ ಅಂತ ಡೇಟಾಶೀಟಲ್ಲೇ ಇದೆ. ಹೊರಗಿನ 104 ಈ ಸಣ್ಣ ಬಾಯಾರಿಕೆಗೆ ಚೊಂಬು ತುಂಬಿಟ್ಟ ಹಂಗೆ. ಕೋಡಲ್ಲಿ ಹದಿನಾರು ಸಲ ಓದಿ ಸರಾಸರಿ ತಗೊಳ್ಳಿ, ನಿಲ್ಲುತ್ತೆ.

ಡಿವೈಡರೇ ಬ್ಯಾಟರಿ ಕುಡಿದುಬಿಡಲ್ವಾ? ಮೆಗಾಓಮ್ ಹಾಕಿದ್ರೆ ಒಳ್ಳೇದಲ್ವಾ?

ಬ್ಯಾಟರಿ ಯಾವ್ದು ಅನ್ನೋದರ ಮೇಲಿದೆ. 56ಕೆ ಮತ್ತು 10ಕೆ ಸೇರಿ 12 ವೋಲ್ಟಿಂದ 0.18 ಮಿಲಿಆಂಪಿಯರ್ ಎಳೀತವೆ, 7 ಆಂಪಿಯರ್ ಅವರ್ ಬ್ಯಾಟರಿ ಖಾಲಿ ಮಾಡೋಕೆ ನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಬ್ಯಾಟರಿ ತಾನಾಗೇ ಸತ್ತಿರುತ್ತೆ. ಆದ್ರೆ ಒಂದೇ ಲಿಥಿಯಂ ಸೆಲ್ ಮೇಲೆ ನಿದ್ದೆ ಮಾಡ್ಕೊಂಡು 10 ಮೈಕ್ರೋಆಂಪಿಯರಲ್ಲಿ ಇರೋ ಬೋರ್ಡಿಗೆ 10ಕೆ ಎರಡು ಹಾಕಿದ್ರೆ ಡಿವೈಡರ್ ಒಂದೇ 210 ಮೈಕ್ರೋಆಂಪಿಯರ್ ಕುಡಿಯುತ್ತೆ, ಬೋರ್ಡಿಗಿಂತ ಇಪ್ಪತ್ತೊಂದು ಪಟ್ಟು. ಅಲ್ಲಿ ಯೋಚನೆ ಮಾಡ್ಲೇಬೇಕು.

ನಾನೂ ಹಂಗೇ ಯೋಚನೆ ಮಾಡಿ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಮೇಲೆ 5.6 ಮೆಗಾಓಮ್, ಕೆಳಗೆ 1 ಮೆಗಾಓಮ್ ಹಾಕಿದ್ದೆ. ಪಾಲು ಅದೇ, ಬೇಸಿಗೆಯೆಲ್ಲ ಚೆನ್ನಾಗಿ ಓಡ್ತು. ಆಷಾಢದ ಮಳೆ ಹಿಡ್ಕೊಳ್ತು, ಎರಡು ವಾರ ಬಿಸಿಲೇ ಇಲ್ಲ, ಬ್ಯಾಟರಿ 11 ಆಗಿದೆ ಅಂತ ಮೆಸೇಜ್ ಮೇಲೆ ಮೆಸೇಜ್, ಪಂಪ್ ಕಟ್ ಆಗ್ತಿದೆ. ಆ ಮಳೇಲಿ ಹೋಗಿ ಬ್ಯಾಟರಿ ಮೇಲೆ ಮೀಟರ್ ಇಟ್ರೆ 12. ಬೋರ್ಡ್ ಮೇಲೆ ಸೋಲ್ಡರಿಂಗಿನ ಫ್ಲಕ್ಸ್ (ಬೆಸುಗೆಗೆ ಹಚ್ಚೋ ಅಂಟು) ಹಂಗೇ ಬಿಟ್ಟಿದ್ದೆ, ಅದು ತೇವ ಹೀರ್ಕೊಂಡು ಕೆಳಗಿನ ರೆಸಿಸ್ಟರಿನ ಪಕ್ಕದಲ್ಲೇ ಕಣ್ಣಿಗೆ ಕಾಣದ ಇನ್ನೊಂದು ರೆಸಿಸ್ಟರ್ ಆಗಿತ್ತು. ಆ ಸೋರಿಕೆ 10 ಮೆಗಾಓಮ್ ಇದ್ರೂ ಸಾಕು, 12 ವೋಲ್ಟ್ 11.06 ಅಂತ ಓದುತ್ತೆ, ಲೆಕ್ಕ ಹಾಕಿ ನೋಡಿ. ಅದೇ ಸೋರಿಕೆ ಮೇಲಿನ ರೆಸಿಸ್ಟರಿಗೆ ಅಡ್ಡ ಬಂದಿದ್ರೆ 17 ತೋರಿಸ್ತಿತ್ತು. 10ಕೆ ಪಕ್ಕದಲ್ಲಿ 10 ಮೆಗಾಓಮ್ ಬಂದ್ರೆ ಸಾವಿರದಲ್ಲಿ ಒಂದು ಭಾಗ, ಯಾರಿಗೂ ಗೊತ್ತಾಗಲ್ಲ.

ಬೋರ್ಡ್ ತಂದು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್‌ನಲ್ಲಿ ತೊಳೆದು, ಒಣಗಿಸಿ, 56ಕೆ ಮತ್ತು 10ಕೆ ಹಾಕಿ, ಮೇಲೆ ಪಿಸಿಬಿ ಲ್ಯಾಕರ್ ಹೊಡೆದೆ. ಅವತ್ತಿಂದ ಘಟ್ಟದ ಅಂಚಿನ ಊರುಗಳಿಗೆ ಹೋಗೋ ಬೋರ್ಡಲ್ಲಿ ನಾನು 100ಕೆ ದಾಟಲ್ಲ. ಬ್ಯಾಟರಿ ಉಳಿಸ್ಲೇಬೇಕು ಅಂದ್ರೆ ರೆಸಿಸ್ಟರ್ ದೊಡ್ದು ಮಾಡೋ ಬದ್ಲು ಡಿವೈಡರ್ ಮೇಲೆ ಒಂದು ಮಾಸ್‌ಫೆಟ್ ಸ್ವಿಚ್ ಹಾಕಿ, ಓದೋ ಕ್ಷಣ ಮಾತ್ರ ಆನ್ ಮಾಡಿ.

ಕಾಫಿ ಒಣಗಿಸೋ ಕಡೆ ಟೆಂಪರೇಚರ್ ನೋಡೋಕೆ ಥರ್ಮಿಸ್ಟರ್ ತಂದೆ, ಇದಕ್ಕೂ ಡಿವೈಡರ್ ಬೇಕಂತೆ, ಯಾಕೆ?

ಥರ್ಮಿಸ್ಟರ್ ಬಿಸಿಗೆ ತನ್ನ ರೆಸಿಸ್ಟೆನ್ಸ್ ಬದಲಾಯಿಸುತ್ತೆ, ಬೋರ್ಡಿಗೆ ಓದೋಕೆ ಬರೋದು ವೋಲ್ಟೇಜ್ ಮಾತ್ರ. ರೆಸಿಸ್ಟೆನ್ಸ್‌ನ ವೋಲ್ಟೇಜ್ ಮಾಡೋ ಸುಲಭದ ದಾರಿ ಅಂದ್ರೆ ಡಿವೈಡರ್. ಮೇಲೆ ಖಾಯಂ 10ಕೆ, ಕೆಳಗೆ ಥರ್ಮಿಸ್ಟರ್. 25 ಡಿಗ್ರಿಗೆ 10ಕೆ, ಬೀಟಾ (ಬಿಸಿಗೆ ಎಷ್ಟು ಬದಲಾಗುತ್ತೆ ಅನ್ನೋ ನಂಬರ್) 3950 ಇರೋ, ಬಿಸಿ ಏರಿದ್ರೆ ರೆಸಿಸ್ಟೆನ್ಸ್ ಇಳಿಯೋ ಎನ್‌ಟಿಸಿ ಆದ್ರೆ 25ರಲ್ಲಿ ಸರಿ ಅರ್ಧ, ಉನೋದಲ್ಲಿ 512 (ಅದು 0 ಇಂದ 5 ವೋಲ್ಟನ್ನ 0 ಇಂದ 1023ರ ನಂಬರ್ ಮಾಡಿ ಓದುತ್ತೆ). 40 ಡಿಗ್ರಿಯಲ್ಲಿ ಅದು 5.3ಕೆ ಆಗಿ 354ರ ಹತ್ರ, ಬೆಳಗಿನ ಚಳಿ 15 ಡಿಗ್ರಿಯಲ್ಲಿ 15.8ಕೆ ಆಗಿ 627ರ ಹತ್ರ. ಲೆಕ್ಕ ನೇರ ಗೆರೆ ಅಲ್ಲ, ಕೋಡಲ್ಲಿ ಬೀಟಾ ಫಾರ್ಮುಲಾ ಹಾಕ್ಬೇಕು.

ಉನೋದಲ್ಲಿ ಒಂದು ಅನುಕೂಲ ಇದೆ. ಡಿವೈಡರಿಗೂ ಓದೋ ಭಾಗಕ್ಕೂ ಅದೇ 5 ವೋಲ್ಟ್ ಹೋಗೋದ್ರಿಂದ ಸಪ್ಲೈ 4.8 ಆದ್ರೂ ನಂಬರ್ ಬದಲಾಗಲ್ಲ, ಎರಡೂ ಒಟ್ಟಿಗೆ ಇಳೀತವೆ. ಇಎಸ್‌ಪಿ32 ಒಳಗೆ ಬೇರೆ ರೆಫರೆನ್ಸ್ ಇಟ್ಕೊಂಡಿರುತ್ತೆ, ಅಲ್ಲಿ ಈ ಪುಣ್ಯ ಸಿಗಲ್ಲ.

ಎಲ್‌ಡಿಆರ್‌ಗೆ ಜೋಡಿ ರೆಸಿಸ್ಟರ್ ಎಷ್ಟಿರಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ

ಎಲ್‌ಡಿಆರ್ ಅಂದ್ರೆ ಬೆಳಕು ಬಿದ್ರೆ ರೆಸಿಸ್ಟೆನ್ಸ್ ಇಳಿಯೋ ರೆಸಿಸ್ಟರ್. ನಿಮ್ಮ ಎಲ್‌ಡಿಆರ್ ಅನ್ನೇ ಕೇಳಿ. ಬೆಳಕಲ್ಲಿ ಮೀಟರ್ ಇಟ್ಟು ಅಳೆಯಿರಿ, ಕೈ ಮುಚ್ಚಿ ಅಳೆಯಿರಿ, ಎರಡನ್ನೂ ಗುಣಿಸಿ ವರ್ಗಮೂಲ ತೆಗೀರಿ. 1ಕೆ ಮತ್ತು 100ಕೆ ಬಂದ್ರೆ ವರ್ಗಮೂಲ 10ಕೆ, ಅಲ್ಲೇ ಔಟ್‌ಪುಟ್ ಅತಿ ಹೆಚ್ಚು ಆಡುತ್ತೆ. ಬೆಳಕು ಹೆಚ್ಚಾದ್ರೆ ವೋಲ್ಟೇಜೂ ಏರಬೇಕು ಅಂದ್ರೆ ಎಲ್‌ಡಿಆರ್ ಮೇಲೆ, ಇಳೀಬೇಕು ಅಂದ್ರೆ ಕೆಳಗೆ.

ಟ್ಯಾಂಕ್ ಲೆವೆಲ್‌ಗೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದೀನಿ, ಅದು 5 ವೋಲ್ಟ್, ನನ್ನ ಬೋರ್ಡ್ 3.3, ಡಿವೈಡರ್ ಸಾಕಾ?

ಸೆನ್ಸರ್ ಉತ್ತರ ಕೊಡೋ ಎಕೋ ಪಿನ್‌ಗೆ ಸಾಕು. 1ಕೆ ರೆಸಿಸ್ಟರ್ ಮೂರು ತಗೊಳ್ಳಿ, ಮೇಲೆ ಒಂದು, ಕೆಳಗೆ ಎರಡು ಸಾಲಾಗಿ, 3.33 ಬರುತ್ತೆ. ಸೆನ್ಸರನ್ನ ಶುರು ಮಾಡ್ಸೋ ಟ್ರಿಗರ್ ಪಿನ್‌ಗೆ ಬೋರ್ಡಿಂದ ಹೋಗೋ 3.3 ಸಾಮಾನ್ಯವಾಗಿ ನೇರಾನೇ ಸಾಕಾಗುತ್ತೆ. ಐ ಸ್ಕ್ವೇರ್ ಸಿ ವೈರಿಗೆ ಮಾತ್ರ ಡಿವೈಡರ್ ಬೇಡ, ಅಲ್ಲಿ ಒಂದೇ ತಂತಿಯಲ್ಲಿ ಎರಡೂ ಕಡೆಯಿಂದ ಮಾತಾಡ್ತವೆ, ಡಿವೈಡರ್ ಒಮ್ಮುಖ ರಸ್ತೆ. ಅದಕ್ಕೆ ಬಿಎಸ್‌ಎಸ್138 ಹಾಕಿರೋ ಲೆವೆಲ್ ಶಿಫ್ಟರ್ ತಗೊಳ್ಳಿ.

## ಸ್ವಲ್ಪ ಮುಂದಕ್ಕೆ

ರೇಡಿಯೋ ವಾಲ್ಯೂಮ್ ತಿರುಗಣಿನೂ ಡಿವೈಡರೇ ಅಂತಾರೆ, ಹೌದಾ?

ಹೌದು, ಅದೇ ಬಹಳ ಮನೇಲಿರೋ ಡಿವೈಡರ್. ಒಳಗೆ ಒಂದೇ ಕಾರ್ಬನ್ ಪಟ್ಟಿ, ಮೇಲೆ ಜಾರೋ ಮುಳ್ಳು, ಮುಳ್ಳಿನ ಒಂದು ಕಡೆ ಮೇಲಿನ ರೆಸಿಸ್ಟರ್, ಇನ್ನೊಂದು ಕಡೆ ಕೆಳಗಿನದು. ಕಿವಿಗೆ ಸಮವಾಗಿ ಏರ್ದಂಗೆ ಕೇಳ್ಬೇಕು ಅಂತ ವಾಲ್ಯೂಮಿಗೆ ಲಾಗ್ ಪಾಟ್ (ಪಾಟ್ ಅಂದ್ರೆ ಈ ತಿರುಗಣಿ, ಲಾಗ್ ಅಂದ್ರೆ ಶುರುವಲ್ಲಿ ನಿಧಾನಕ್ಕೆ ಏರೋದು) ಹಾಕ್ತಾರೆ, ಲೀನಿಯರ್ ಹಾಕಿದ್ರೆ ಶುರುವಲ್ಲೇ ಜೋರಾಗಿ ಆಮೇಲೆ ಏನೂ ಬದಲಾಗದ ಹಂಗೆ ಅನ್ಸುತ್ತೆ. ತಿರುಗಿಸಿದಾಗ ಕರಕರ ಅಂದ್ರೆ ಪಟ್ಟಿ ಮೇಲೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಥೆವೆನಿನ್ ಥಿಯರಂ ಎಕ್ಸಾಮಿಗೆ ಓದಿದ್ದೆ, ಇದಕ್ಕೂ ಅದಕ್ಕೂ ಏನ್ ಸಂಬಂಧ?

ಡಿಪ್ಲೊಮಾ ಹುಡುಗ್ರು ಇದನ್ನ ಕೇಳಿದಾಗ ನಿಜವಾಗ್ಲೂ ಖುಷಿ ಆಗುತ್ತೆ. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಲಿಯೋನ್ ಥೆವೆನಿನ್ 1883ರಲ್ಲಿ ಹೇಳಿದ್ದು, ಅದಕ್ಕೂ ಮೂವತ್ತು ವರ್ಷ ಮೊದಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೇಳಿದ್ರು. ಹೊರಗಿಂದ ನೋಡೋನಿಗೆ ಇಡೀ ಡಿವೈಡರ್ ಅಂದ್ರೆ ಒಂದು ಬ್ಯಾಟರಿ, ಅದರ ಜೊತೆ ಸಾಲಲ್ಲಿ ಒಂದು ರೆಸಿಸ್ಟರ್, ಅಷ್ಟೇ. ಬ್ಯಾಟರಿ ಅಂದ್ರೆ ಲೋಡ್ ಇಲ್ಲದಾಗ ಬರೋ ವೋಲ್ಟೇಜ್, ರೆಸಿಸ್ಟರ್ ಅಂದ್ರೆ ಎರಡೂ ರೆಸಿಸ್ಟರ್ ಪ್ಯಾರಲಲ್ ಆದಾಗ ಬರೋದು. 12 ವೋಲ್ಟಿಗೆ 10ಕೆ ಎರಡು ಹಾಕಿದ್ದು ಅಂದ್ರೆ 6 ವೋಲ್ಟ್ ಬ್ಯಾಟರಿ, 5ಕೆ ರೆಸಿಸ್ಟರ್. ಅದಕ್ಕೆ 10ಕೆ ಲೋಡ್ ಹಾಕಿ, 6ರಲ್ಲಿ ಹದಿನೈದಕ್ಕೆ ಹತ್ತು ಪಾಲು, 4. ಮೇಲೆ ಕಂಡಿದ್ದ 4 ಇದೇ. 56ಕೆ ಮತ್ತು 10ಕೆ ಪ್ಯಾರಲಲ್ ಮಾಡಿದ್ರೆ 8.5ಕೆ, ಹಂಗಾಗೇ ಉನೋದ 10ಕೆ ಮಿತಿಯೊಳಗೂ ಅದು ಕೂರುತ್ತೆ.

ಡಿವೈಡರ್‌ನಿಂದ ಪವರ್ ಕೊಡಬಾರದು ಅಂದ್ರಿ, ಆದ್ರೆ ಬಕ್ ಮಾಡ್ಯೂಲ್ ಮೇಲೂ ರೆಸಿಸ್ಟರ್ ಜೋಡಿ ಇದ್ಯಲ್ಲ?

ಇದೆ, ಮತ್ತೆ ಅಲ್ಲೂ ಅಳೆಯೋ ಕೆಲಸಾನೇ ಮಾಡ್ತಿದೆ. ಬಕ್ ಮಾಡ್ಯೂಲಿನ ಎಲ್‌ಎಂ2596 ಚಿಪ್ ಔಟ್‌ಪುಟ್ಟಿನ ಒಂದು ಪಾಲನ್ನ ಡಿವೈಡರ್ ಮೂಲಕ ನೋಡ್ತಾ ಇರುತ್ತೆ, ಆ ಪಾಲು 1.23 ವೋಲ್ಟ್ ಆಗೋ ತನಕ ಏರಿಸುತ್ತೆ ಇಳಿಸುತ್ತೆ. ನೀವು ತಿರುಗಿಸೋ ನೀಲಿ ಸ್ಕ್ರೂ ಪಾಟ್ ಆ ಡಿವೈಡರಿನ ಮೇಲಿನ ಕಾಲು. ಎಲ್‌ಎಂ317 ಅನ್ನೋ ರೆಗ್ಯುಲೇಟರ್ ಚಿಪ್ಪಲ್ಲೂ ಅದೇ ಆಟ, 1.25 ವೋಲ್ಟಿಂದು, 240 ಓಮ್ ಜೊತೆ 720 ಓಮ್ ಹಾಕಿದ್ರೆ 5 ವೋಲ್ಟ್. ಒಂದು ಎಚ್ಚರಿಕೆ, ಬಕ್ಕಿನ ಆ ನೀಲಿ ಪಾಟ್ ಒಳಗೆ ಕಾಂಟ್ಯಾಕ್ಟ್ ಬಿಟ್ಟೋದ್ರೆ ಚಿಪ್ಪಿಗೆ ಔಟ್‌ಪುಟ್ಟೇ ಇಲ್ಲ ಅನ್ಸಿ ಪೂರ್ತಿ ಬ್ಯಾಟರಿ ವೋಲ್ಟೇಜನ್ನ ಹೊರಗೆ ತಳ್ಳುತ್ತೆ. ಹಂಗೆ ಸುಟ್ಟ ಬೋರ್ಡುಗಳು ನನ್ನ ಹತ್ರ ಬಂದಿವೆ. ಒಂದೇ ವೋಲ್ಟೇಜಿಗೆ ಖಾಯಂ ಇಡೋದಾದ್ರೆ ಪಾಟ್ ಕಿತ್ತು ಅಷ್ಟೇ ಬೆಲೆಯ ರೆಸಿಸ್ಟರ್ ಬೆಸೆದುಬಿಡಿ.

ಕಾಫಿ ಮೂಟೆ ತೂಗೋಕೆ ಲೋಡ್ ಸೆಲ್ ನೇರ ಉನೋಗೆ ಕೊಟ್ಟೆ, ಏನೂ ಬದಲಾಗ್ತಿಲ್ಲ

ಲೋಡ್ ಸೆಲ್ ಒಳಗೆ ಇರೋದು ಎರಡು ಡಿವೈಡರ್ ಅಕ್ಕಪಕ್ಕ, ಎರಡು ನಡುಗಂಟಿನ ನಡುವಿನ ವ್ಯತ್ಯಾಸ ಓದೋದು. ಇದೇ ವೀಟ್‌ಸ್ಟನ್ ಬ್ರಿಡ್ಜ್. ಹೆಸರು ಇಂಗ್ಲೆಂಡಿನ ವಿಜ್ಞಾನಿ ವೀಟ್‌ಸ್ಟನ್‌ದು, 1843ರಲ್ಲಿ ಅವರು ಜನಕ್ಕೆ ಪರಿಚಯ ಮಾಡಿದ್ದು, ಕಂಡುಹಿಡಿದಿದ್ದು 1833ರಲ್ಲಿ ಸ್ಯಾಮ್ಯುಯಲ್ ಹಂಟರ್ ಕ್ರಿಸ್ಟಿ. ವೋಲ್ಟಿಗೆ 2 ಮಿಲಿವೋಲ್ಟಿನ ಸೆಲ್ಲಿಗೆ 5 ವೋಲ್ಟ್ ಕೊಟ್ರೆ ಪೂರ್ತಿ ಭಾರಕ್ಕೂ 10 ಮಿಲಿವೋಲ್ಟ್ ಬರುತ್ತೆ, ಉನೋದ ಒಂದು ಮೆಟ್ಟಿಲೇ 4.88 ಮಿಲಿವೋಲ್ಟ್, ಅಂದ್ರೆ ಮೂಟೆ ಪೂರ್ತಿ ಏರಿಸಿದ್ರೂ ಎರಡೇ ಮೆಟ್ಟಿಲು. ಎಚ್‌ಎಕ್ಸ್711 ಹಾಕಿ, ಈ ಕೆಲಸಕ್ಕೇ ಮಾಡಿರೋ 24 ಬಿಟ್ಟಿನ ಚಿಪ್.

ಆನೆ ಬೇಲಿಯಲ್ಲಿ ಎಷ್ಟು ವೋಲ್ಟ್ ಬರ್ತಿದೆ ಅಂತ ಮಲ್ಟಿಮೀಟರಲ್ಲಿ ನೋಡ್ಬೋದಾ?

ದಯವಿಟ್ಟು ಬೇಡ. ಆಲೂರು, ಸಕಲೇಶಪುರದ ಕಡೆಯಿಂದ ಇದನ್ನ ಕೇಳೋರು ಜಾಸ್ತಿ. ಸೋಲಾರ್ ಬೇಲಿಯಲ್ಲಿ ಬರೋದು ಸಾವಿರಾರು ವೋಲ್ಟಿನ ಸಣ್ಣ ಬಡಿತ, ಸೆಕೆಂಡಿಗೊಂದರಂಗೆ. ಮಲ್ಟಿಮೀಟರ್ 600 ಇಲ್ಲಾ 1000 ವೋಲ್ಟಿಗೆ ಮಾಡಿರೋದು, ಅಷ್ಟು ಚಿಕ್ಕ ಬಡಿತ ಅದಕ್ಕೆ ಓದೋಕೂ ಬರಲ್ಲ. ಬೇಲಿ ಟೆಸ್ಟರ್ ಅಂತ ಬೇರೆ ಸಿಗುತ್ತೆ, ಅದರೊಳಗೆ ಎತ್ತರದ ವೋಲ್ಟೇಜಿಗೆ ಅಂತಾನೇ ಮಾಡಿರೋ ರೆಸಿಸ್ಟರ್ ಸಾಲಿರುತ್ತೆ. ಮಾಮೂಲಿ ಕಾಲು ವ್ಯಾಟ್ ರೆಸಿಸ್ಟರ್ ಜೋಡಿಸಿ ಮನೇಲಿ ಮಾಡೋಕೆ ಹೋಗ್ಬೇಡಿ, ರೆಸಿಸ್ಟರಿಗೆ ವ್ಯಾಟ್ ಮಿತಿ ಇರೋ ಹಂಗೆ ವೋಲ್ಟೇಜ್ ಮಿತಿನೂ ಇದೆ, ದಾಟಿದ್ರೆ ಮೈಮೇಲೆ ಕಿಡಿ ಹಾರುತ್ತೆ.

ಮನೆ 230 ವೋಲ್ಟನ್ನ ಡಿವೈಡರ್ ಹಾಕಿ ಬೋರ್ಡಿಗೆ ಕೊಟ್ಟು ಲೋ ವೋಲ್ಟೇಜ್ ಅಲಾರಂ ಮಾಡ್ಬೋದಾ?

ಲೆಕ್ಕದಲ್ಲಿ ಆಗುತ್ತೆ, ಮಾಡ್ಬೇಡಿ. 230ರ ತುದಿ 325 ವೋಲ್ಟ್, ಡಿವೈಡರ್ ವೋಲ್ಟೇಜ್ ಇಳಿಸುತ್ತೆ ಹೊರತು ಲೈನಿಂದ ಬಿಡಿಸಲ್ಲ. ಫೇಸ್ ನ್ಯೂಟ್ರಲ್ ಅದಲುಬದಲಾದ್ರೆ ನಿಮ್ಮ ಬೋರ್ಡಿನ ಗ್ರೌಂಡೇ ಫೇಸ್, ಯುಎಸ್‌ಬಿ ಸಿಕ್ಕಿಸಿದ ಲ್ಯಾಪ್‌ಟಾಪ್, ಅದನ್ನ ಮುಟ್ಟಿದ ಕೈ ಎಲ್ಲಾ ಲೈನ್ ಮೇಲೆ. 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ, ಅದರ ಈಚೆ ಕಡೆ ಡಿವೈಡರ್ ಮಾಡಿ. 6 ವೋಲ್ಟ್ ಏಸಿಯ ತುದಿ 8.5, ಲೋಡ್ ಇಲ್ಲದಾಗ ಇನ್ನೂ ಮೇಲೆ, ಅದಕ್ಕೂ ಲೆಕ್ಕ ಹಾಕಿ. ಅರ್ಧ ಸೈಕಲ್ ಮೈನಸ್ ಬರೋದ್ರಿಂದ ಇನ್ನೆರಡು 10ಕೆ ಹಾಕಿ 5 ವೋಲ್ಟಿನ ಅರ್ಧ 2.5 ಮಾಡಿ ಅದರ ಮೇಲೆ ಕೂರಿಸ್ಬೇಕು, ಅಂದ್ರೆ ಅಲ್ಲೂ ಒಂದು ಡಿವೈಡರ್.

ಕಾಲೇಜ್ ಲ್ಯಾಬಲ್ಲಿ ಆಸಿಲೋಸ್ಕೋಪ್ (ಸಿಗ್ನಲ್ಲಿನ ಗೆರೆ ತೋರ್ಸೋ ಯಂತ್ರ) ಪ್ರೋಬಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಅದನ್ನ ಯಾಕೆ ತಿರುಗಿಸ್ತಾರೆ?

10 ಪಟ್ಟಿನ ಪ್ರೋಬ್ ಒಳಗೆ 9 ಮೆಗಾಓಮ್, ಸ್ಕೋಪ್ ಒಳಗೆ 1 ಮೆಗಾಓಮ್, ಹತ್ತರಲ್ಲೊಂದು ಪಾಲಿನ ಡಿವೈಡರ್. ಆದ್ರೆ ಸ್ಕೋಪಿನ ಬಾಯಲ್ಲಿ, ಕೇಬಲ್ಲಲ್ಲಿ ಸ್ವಲ್ಪ ಕೆಪಾಸಿಟೆನ್ಸ್ ಇದ್ದೇ ಇರುತ್ತೆ, ವೇಗದ ಸಿಗ್ನಲ್ಲಿಗೆ ಅದು ಕೆಳಗಿನ ರೆಸಿಸ್ಟರಿನ ಪಕ್ಕ ಅಡ್ಡದಾರಿ ಆಗಿ ಪಾಲು ಕೆಡಿಸುತ್ತೆ. ಅದಕ್ಕೆ 9 ಮೆಗಾಓಮಿಗೂ ಅಡ್ಡ ಒಂದು ಪುಟ್ಟ ಕೆಪಾಸಿಟರ್ ಹಾಕಿ, ಕೆಪಾಸಿಟರ್‌ಗಳ ಡಿವೈಡರೂ ಅದೇ ಹತ್ತರಲ್ಲೊಂದು ಪಾಲು ಮಾಡೋ ಹಂಗೆ ಸ್ಕ್ರೂನಿಂದ ಹೊಂದಿಸ್ತಾರೆ. ಸ್ಕೋಪ್ ಮುಂದೆ ಇರೋ ಸ್ಕ್ವೇರ್ ವೇವ್ ಕೊಂಡಿಗೆ ಪ್ರೋಬ್ ಸಿಕ್ಕಿಸಿ, ಮೂಲೆ ದುಂಡಗಿದ್ರೂ, ಕೊಂಬು ಎದ್ದಿದ್ರೂ ತಿರುಗಿಸಿ, ಮೇಲಿನ ಗೆರೆ ಸಮತಟ್ಟಾದಾಗ ನಿಲ್ಲಿಸಿ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಹಿಡೀರಿ, ಕಬ್ಬಿಣದ್ದು ಹಿಡಿದ್ರೆ ಅದರ ಕೆಪಾಸಿಟೆನ್ಸೂ ಸೇರ್ಕೊಂಡು, ಕೈ ತೆಗೆದ ಮೇಲೆ ಗೆರೆ ಮತ್ತೆ ಜರುಗುತ್ತೆ.